ಓಟ ಕೈಕೊಡುವುದು ಸೈಕಲ್ ಮೇಲೆ



ನಮ್ಮ ಆರೋಗ್ಯ ಸರಣಿಯಲ್ಲಿ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ವಿಷಯ ಬರುವುದೇ ಹೆಚ್ಚು. ಈ ಸಲ ವಿಷಯ ಸ್ವಲ್ಪ ಬೇರೆ. ಕೆಲವು ವರ್ಷಗಳಿಂದ ನನ್ನ ಹತ್ತಿರ ಬರುವವರಲ್ಲಿ ಒಂದು ಹೊಸ ಗುಂಪು ಸೇರಿಕೊಂಡಿದೆ. ವಯಸ್ಸು ನಲವತ್ತು ದಾಟಿದೆ, ಎದೆನೋವು ಇಲ್ಲ, ಸಕ್ಕರೆ ಇಲ್ಲ. "ಡಾಕ್ಟ್ರೇ, ಮುಂದಿನ ವರ್ಷ ಐರನ್‌ಮ್ಯಾನ್ ಮಾಡೋಣ ಅಂತಿದೀನಿ, ಹಾರ್ಟ್ ಒಂದ್ಸಲ ನೋಡಿಬಿಡಿ" ಅನ್ನುತ್ತಾರೆ. ಜೊತೆಗೆ ಬಂದ ಮನೆಯವರದು ಇನ್ನೊಂದು ಪ್ರಶ್ನೆ: "ಇದೆಲ್ಲಾ ಈ ವಯಸ್ಸಿಗೆ ಬೇಕಾ?" ಇಬ್ಬರಿಗೂ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಮೊದಲು ಎರಡು ಮಾತು. ಟ್ರಯಾಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೆ ಒಂದು ಮುಗಿಸುವ ಸ್ಪರ್ಧೆ. ಪೂರ್ಣ ದೂರದ ಸ್ಪರ್ಧೆಯಲ್ಲಿ 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ತುಳಿದು, ಆಮೇಲೆ 42.2 ಕಿ.ಮೀ. ಓಡಬೇಕು. ಸಾಮಾನ್ಯವಾಗಿ 17 ಗಂಟೆಯೊಳಗೆ ಮುಗಿಸಬೇಕು. ಅರ್ಧ ದೂರದ್ದಾದರೆ 1.9, 90 ಮತ್ತು 21.1 ಕಿ.ಮೀ. 1978ರ ಫೆಬ್ರವರಿಯಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ 15 ಜನ ಹೊರಟು 12 ಜನ ಮುಗಿಸಿದ್ದು ಮೊಟ್ಟಮೊದಲ ಐರನ್‌ಮ್ಯಾನ್. ನಮ್ಮ ನೆರೆಯ ಗೋವಾಕ್ಕೆ ಅರ್ಧ ದೂರದ ಸ್ಪರ್ಧೆ 2019ರಲ್ಲಿ ಬಂತು. ಅಂದಿನಿಂದ ಪುಣೆ, ಮುಂಬೈ, ಹೈದರಾಬಾದ್, ಚೆನ್ನೈನ ಆಫೀಸುಗಳಲ್ಲೂ ಇದರದೇ ಮಾತು.

ಈಗ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ದೂರದ ಟ್ರಯಾಥ್ಲಾನ್‌ನಲ್ಲಿ ಓಟ ಕೆಟ್ಟರೆ ತಪ್ಪು ಬಹುಪಾಲು ಓಟದ್ದಲ್ಲ, ಅದಕ್ಕೆ ಮುಂಚೆ ತುಳಿದ ಸೈಕಲ್‌ನದ್ದು. ಓಟ ಚೆನ್ನಾಗಿ ಆಗಬೇಕಾದರೆ ಎರಡು ಕೆಲಸ ಮಾಡಬೇಕು. ತಿಂಗಳುಗಟ್ಟಲೆ ಸೈಕಲ್ ಮೇಲೆ ತಾಕತ್ತು ಬೆಳೆಸಬೇಕು. ಸ್ಪರ್ಧೆಯ ದಿನ ಆ ತಾಕತ್ತನ್ನು ಪೂರ್ತಿ ಖರ್ಚು ಮಾಡದೆ ಕೈಹಿಡಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಅದೇ ಮಾತು. ತರಬೇತಿಯಲ್ಲಿ ಹಾಸಿಗೆ ದೊಡ್ಡದು ಮಾಡಿಕೊಳ್ಳಿ, ಸ್ಪರ್ಧೆಯಲ್ಲಿ ಅದರೊಳಗೇ ಕಾಲು ಚಾಚಿ. ನಲವತ್ತು ದಾಟಿದ ಹೃದಯಕ್ಕೂ ಇದರಲ್ಲೇ ಕ್ಷೇಮ.

*ಸೈಕಲ್ ದಾಖಲೆಗೆ ಪದಕ ಇಲ್ಲ*

2024ರ ಅಕ್ಟೋಬರ್‌ನಲ್ಲಿ ಹವಾಯಿಯ ಕೋನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್ ನೋಡಿ. ಹಿಂದಿನ ವರ್ಷ ಚಾಂಪಿಯನ್ ಆಗಿದ್ದ ಫ್ರಾನ್ಸಿನ ಸ್ಯಾಮ್ ಲೇಡ್ಲೋ 180 ಕಿ.ಮೀ. ದೂರವನ್ನು 3 ಗಂಟೆ 57 ನಿಮಿಷದಲ್ಲಿ ತುಳಿದರು. ಆ ದಾರಿಯಲ್ಲಿ ಅದು ಹೊಸ ದಾಖಲೆ. ಸೈಕಲ್ ಇಳಿದಾಗ ಎಲ್ಲರಿಗಿಂತ ಮುಂದಿದ್ದರು. ಓಟ ಶುರುವಾದ ಮೇಲೆ ಕುಸಿದರು, ಮೊದಲ ಹತ್ತರಲ್ಲೂ ಉಳಿಯಲಿಲ್ಲ. ಗೆದ್ದವರು ಜರ್ಮನಿಯ ಪ್ಯಾಟ್ರಿಕ್ ಲಾಂಗೆ. ಮ್ಯಾರಥಾನ್ ಅನ್ನು 2 ಗಂಟೆ 37 ನಿಮಿಷದಲ್ಲಿ ಓಡಿ, ಒಟ್ಟು 7 ಗಂಟೆ 35 ನಿಮಿಷ 53 ಸೆಕೆಂಡಿನಲ್ಲಿ ಮುಗಿಸಿದರು.

ಲೇಡ್ಲೋ ದಡ್ಡರಲ್ಲ, ಸೋಮಾರಿಯೂ ಅಲ್ಲ. ಒಂದು ದಿನದ ಕುಸಿತಕ್ಕೆ ಹತ್ತು ಕಾರಣ ಇರಬಹುದು. ಆದರೆ ಅಷ್ಟು ಗಟ್ಟಿ ದೇಹಕ್ಕೂ ಒಂದು ಖಜಾನೆ, ಒಂದು ಲೆಕ್ಕ ಅನ್ನುವುದು ಇದೆ. ವಾರಕ್ಕೆ ಐವತ್ತು ಗಂಟೆ ಆಫೀಸಿನಲ್ಲಿ ಕೂತು, ಭಾನುವಾರ ಬೆಳಿಗ್ಗೆ ಸೈಕಲ್ ಹತ್ತುವ ನಮ್ಮಂಥವರಿಗೆ ಆ ಲೆಕ್ಕ ಇನ್ನೂ ಬಿಗಿ.

*ದೇಹದೊಳಗೆ ಏನಾಗುತ್ತದೆ?*

ಮೊದಲನೆಯದು ಇಂಧನ. ನಮ್ಮ ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಗ್ಲೈಕೋಜನ್ ಅನ್ನುತ್ತೇವೆ. ಅದು ಹೆಚ್ಚುಕಡಿಮೆ 2000 ಕ್ಯಾಲೊರಿಯಷ್ಟು. ಸರಾಸರಿ 160 ವ್ಯಾಟ್ ಶಕ್ತಿಯಲ್ಲಿ ಆರೂವರೆ ಗಂಟೆ ತುಳಿದರೆ ಸುಮಾರು 3700 ಕ್ಯಾಲೊರಿ ಖರ್ಚು. ಓಟ ಇನ್ನೂ ಶುರುವೇ ಆಗಿಲ್ಲ! ವ್ಯತ್ಯಾಸ ತುಂಬಿಕೊಡುವುದು ಕೊಬ್ಬು ಮತ್ತು ದಾರಿಯಲ್ಲಿ ತಿನ್ನುವ ಆಹಾರ. ನಿಧಾನವಾಗಿ ತುಳಿದರೆ ದೇಹ ಕೊಬ್ಬನ್ನು ಹೆಚ್ಚು ಸುಡುತ್ತದೆ. ಜೋರಾಗಿ ತುಳಿದಷ್ಟೂ ಗ್ಲೈಕೋಜನ್‌ಗೇ ಕೈಹಾಕುತ್ತದೆ. ಒಂದೊಂದು ಏರಿನಲ್ಲೂ ಎದ್ದು ನಿಂತು ಜಗ್ಗಿ ತುಳಿದವರು, ಓಟಕ್ಕೆ ಇಡಬೇಕಾದ ಬುತ್ತಿಯನ್ನು ದಾರಿಯಲ್ಲೇ ಬಿಚ್ಚಿ ಉಂಡಂತೆ.

ಎರಡನೆಯದು ರಕ್ತದ ನೀರು. ಬೆವರು ಸುರಿದಂತೆ ರಕ್ತದಲ್ಲಿನ ದ್ರವ ಕಡಿಮೆಯಾಗುತ್ತದೆ. ಮೈ ತಣ್ಣಗಾಗಲಿ ಅಂತ ರಕ್ತ ಚರ್ಮದ ಕಡೆ ಹರಿಯುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕಡಿಮೆಯಾಗುವುದರಿಂದ ಒಂದೊಂದು ಬಡಿತಕ್ಕೂ ಹೊರಡುವ ರಕ್ತ ಕಡಿಮೆ. ಅದನ್ನು ಸರಿದೂಗಿಸಲು ಹೃದಯ ಹೆಚ್ಚು ಸಲ ಬಡಿಯುತ್ತದೆ. ಮೊದಲ ಗಂಟೆಯಲ್ಲಿ 130 ಇದ್ದ ಬಡಿತ, ಅದೇ ವೇಗದಲ್ಲಿ ಐದನೇ ಗಂಟೆಗೆ 145 ಆಗಬಹುದು. ಈ ಏರಿಕೆಗೆ ಕಾರ್ಡಿಯಾಕ್ ಡ್ರಿಫ್ಟ್ ಅನ್ನುತ್ತೇವೆ. ಚೆನ್ನೈ, ಮುಂಬೈ, ಗೋವಾದ ಸೆಕೆಯಲ್ಲಿ ಇದು ಬೇಗ ಬರುತ್ತದೆ. ಸೈಕಲ್ ಇಳಿಯುವಾಗಲೇ ಹೃದಯ ತನ್ನ ಮಿತಿಯ ಹತ್ತಿರ ಬಡಿಯುತ್ತಿದ್ದರೆ ಓಟಕ್ಕೆ ಏರಲು ಮೆಟ್ಟಿಲೇ ಇರುವುದಿಲ್ಲ.

ಮೂರನೆಯದು ಹೊಟ್ಟೆ. ಜೋರು ಶ್ರಮದಲ್ಲಿ ರಕ್ತ ಕಾಲಿನ ಸ್ನಾಯುಗಳಿಗೆ ಹೋಗುತ್ತದೆ, ಕರುಳಿಗೆ ಕಡಿಮೆಯಾಗುತ್ತದೆ. ತಿಂದದ್ದು, ಕುಡಿದದ್ದು ಅಲ್ಲೇ ನಿಂತು ಹೊಟ್ಟೆ ತೊಳಸುತ್ತದೆ. ಓಟದ ಐದನೇ ಕಿಲೋಮೀಟರಿನಲ್ಲಿ ವಾಂತಿ ಮಾಡಿಕೊಂಡವರು "ಆ ಜೆಲ್ ಸರಿಯಿರಲಿಲ್ಲ" ಅನ್ನುತ್ತಾರೆ. ಎಷ್ಟೋ ಸಲ ಸರಿಯಿಲ್ಲದ್ದು ಸೈಕಲ್ ಮೇಲಿನ ವೇಗ.

*ಹನ್ನೆರಡು ನಿಮಿಷದ ಆಸೆ*

"ಸೈಕಲ್‌ನಲ್ಲಿ ಸಮಯ ಉಳಿಸಿಕೊಂಡರೆ ಓಟದಲ್ಲಿ ನಿಧಾನವಾದರೂ ನಡೆಯುತ್ತೆ" ಅನ್ನುವ ವಾದ ತುಂಬಾ ಜನರದ್ದು. ಇದನ್ನು ಒಂದು ಸಲ ಕಾಗದದ ಮೇಲೆ ಲೆಕ್ಕ ಹಾಕಿ ನೋಡೋಣ.

ಸಮತಟ್ಟಾದ ರಸ್ತೆಯಲ್ಲಿ ಸೈಕಲ್ ಸವಾರನ ದೊಡ್ಡ ಶತ್ರು ಗಾಳಿ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಗಂಟೆಗೆ 30 ಕಿ.ಮೀ. ವೇಗದಿಂದ 31ಕ್ಕೆ ಹೋಗಲು ಸುಮಾರು ಶೇ. 10ರಷ್ಟು ಹೆಚ್ಚು ಶಕ್ತಿ ಬೇಕು. 30ರ ವೇಗದಲ್ಲಿ 180 ಕಿ.ಮೀ.ಗೆ 6 ಗಂಟೆ. 31ರಲ್ಲಿ 5 ಗಂಟೆ 48 ನಿಮಿಷ. ಲಾಭ 12 ನಿಮಿಷ.

ಈಗ ನಷ್ಟ ನೋಡಿ. ಕಿಲೋಮೀಟರಿಗೆ ಆರೂವರೆ ನಿಮಿಷದಂತೆ ಓಡಬೇಕಿದ್ದವರು ಕಾಲು ಸತ್ತು, ಕೊನೆಯ 10 ಕಿ.ಮೀ. ನಡೆದರು ಅಂದುಕೊಳ್ಳಿ. ಕಿಲೋಮೀಟರಿಗೆ 10 ನಿಮಿಷದಂತೆ ಚುರುಕಾಗಿ ನಡೆದರೂ 65 ನಿಮಿಷದ ಜಾಗದಲ್ಲಿ 100 ನಿಮಿಷ. ನಷ್ಟ 35 ನಿಮಿಷ. ಹನ್ನೆರಡು ಸಾಲ ತಂದು ಮೂವತ್ತೈದು ತೀರಿಸುವ ವ್ಯಾಪಾರವನ್ನು ನಮ್ಮ ಅಜ್ಜಿಯರೂ ಒಪ್ಪುತ್ತಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಇದಕ್ಕೇ.

*ಹಾಸಿಗೆ ದೊಡ್ಡದು ಮಾಡುವುದು ಹೇಗೆ?*

ಬರೀ ನಿಧಾನವಾಗಿ ತುಳಿದರೆ ಸಾಲದು. ಕೆಳಗೆ ತಾಕತ್ತು ಇರಬೇಕು. ಸೈಕ್ಲಿಂಗ್‌ನಲ್ಲಿ ಎಫ್‌ಟಿಪಿ ಅಂತ ಒಂದು ಅಳತೆ ಇದೆ. ಸುಮಾರು ಒಂದು ಗಂಟೆ ಸತತವಾಗಿ ತುಳಿಯಬಲ್ಲ ಗರಿಷ್ಠ ಸರಾಸರಿ ಶಕ್ತಿ ಅದು. 20 ನಿಮಿಷ ಆದಷ್ಟು ಜೋರಾಗಿ ತುಳಿದು, ಆ ಸರಾಸರಿಯ ಶೇ. 95 ತೆಗೆದುಕೊಂಡರೆ ಅಂದಾಜು ಸಿಗುತ್ತದೆ. ಈ ಪರೀಕ್ಷೆಯೇ ಹೃದಯಕ್ಕೆ ಜೋರು ಶ್ರಮ. ಆದ್ದರಿಂದ ಮುಂದೆ ಹೇಳುವ ತಪಾಸಣೆ ಮುಗಿಸಿದ ಮೇಲೆ ಮಾತ್ರ ಮಾಡಿ.

ಇಬ್ಬರು ಗೆಳೆಯರು ಜೊತೆಯಾಗಿ 150 ವ್ಯಾಟ್‌ನಲ್ಲಿ ತುಳಿಯುತ್ತಿದ್ದಾರೆ ಅನ್ನೋಣ. ಒಬ್ಬರ ಎಫ್‌ಟಿಪಿ 180, ಇನ್ನೊಬ್ಬರದು 225. ಮೊದಲನೆಯವರು ತಮ್ಮ ಶಕ್ತಿಯ ಶೇ. 83 ಖರ್ಚು ಮಾಡುತ್ತಿದ್ದಾರೆ, ಎರಡನೆಯವರು ಶೇ. 67. ನೋಡುವವರಿಗೆ ಇಬ್ಬರೂ ಒಂದೇ. ಓಟ ಶುರುವಾದ ಮೇಲೆ ಇಬ್ಬರ ಜಾತಕವೂ ಬೇರೆ. ಮೊದಲನೆಯವರು ಮುಂಬೈ ಮ್ಯಾರಥಾನ್ ಅನ್ನು ನಾಲ್ಕು ಗಂಟೆಯಲ್ಲಿ ಓಡಿದವರೇ ಆಗಿರಲಿ, ಆ ದಿನ ಅವರ ಓಟದ ಕಾಲು ಅವರ ಹತ್ತಿರ ಇರುವುದಿಲ್ಲ.

ಹಾಗಾಗಿ ಓಟ ಸುಧಾರಿಸಬೇಕು ಅನ್ನುವವರಿಗೆ, ವಾರಕ್ಕೆ ಇನ್ನೂ 20 ಕಿ.ಮೀ. ಓಡಿ ಅಂತ ನಾನು ಹೇಳುವುದಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. 45 ವಯಸ್ಸಿನ, 80 ಕಿಲೋ ತೂಕದ ಮಂಡಿ ಎಷ್ಟು ತಡೆದೀತು? ಸೈಕಲ್‌ನಲ್ಲಿ ಆ ಹೊಡೆತ ಇಲ್ಲ. ಗಂಟೆಗಟ್ಟಲೆ ತುಳಿದರೆ ರಕ್ತದ ಪ್ರಮಾಣ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ಕಳಿಸುವುದನ್ನು ಕಲಿಯುತ್ತದೆ. ಈ ಲಾಭ ಓಟಕ್ಕೂ ದಕ್ಕುತ್ತದೆ.

ಕೆಲಸ, ಮಕ್ಕಳು, ಟ್ರಾಫಿಕ್ ನಡುವೆ ಬದುಕುವವರಿಗೆ ವಾರಕ್ಕೆ ಮೂರು ಸೈಕಲ್ ಸವಾರಿ ಸಾಕು.

▪ ಒಂದು ಉದ್ದ ಸವಾರಿ. ಎರಡು ಗಂಟೆಯಿಂದ ಶುರುಮಾಡಿ, ತಿಂಗಳುಗಳ ಮೇಲೆ ಐದು ಗಂಟೆಗೆ ಏರಿಸಿ. ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಉಳಿದಿರಬೇಕು.

▪ ಒಂದು ಗಟ್ಟಿ ಸವಾರಿ. ಮನೆಯಲ್ಲೇ ಟ್ರೇನರ್ ಮೇಲೆ, 20 ನಿಮಿಷದ ಎರಡು ಮೂರು ಸುತ್ತು, ಎಫ್‌ಟಿಪಿಯ ಶೇ. 85ರಿಂದ 90. ನಡುವೆ ಐದು ನಿಮಿಷ ಹಗುರ. ದೆಹಲಿಯ ಚಳಿಗಾಲದ ಹೊಗೆಯಲ್ಲಿ ಹೊರಗೆ ತುಳಿಯುವುದಕ್ಕಿಂತ ಇದೇ ವಾಸಿ.

▪ ಒಂದು ಹಗುರ ಸವಾರಿ. ಅದಾದ ಕೂಡಲೇ 20 ನಿಮಿಷ ನಿಧಾನ ಓಟ, ಕಾಲಿಗೆ ಅಭ್ಯಾಸವಾಗಲಿ ಅಂತ.

ಮೂರು ವಾರ ಏರಿಸಿ, ನಾಲ್ಕನೇ ವಾರ ಇಳಿಸಿ. ಓಟ, ಈಜು ಇದರ ಜೊತೆಗೆ ಇರಲೇಬೇಕು, ನಾನು ಇಲ್ಲಿ ಹೇಳುತ್ತಿರುವುದು ಯಾವುದಕ್ಕೆ ತೂಕ ಹೆಚ್ಚು ಅನ್ನುವುದನ್ನು. ಚೆನ್ನೈನ ಇಸಿಆರ್, ಹೈದರಾಬಾದ್ ಹೊರವರ್ತುಲ ರಸ್ತೆಯ ಸೋಲಾರ್ ಮಾಡಿನ ಸೈಕಲ್ ಪಥ, ಪುಣೆಯಿಂದ ಲೋಣಾವಳಾ ಕಡೆಯ ಹಳೆ ಹೆದ್ದಾರಿ, ಎಲ್ಲೇ ಹೋದರೂ ಬೆಳಕು ಹರಿಯುವ ಮುಂಚೆ ಹೊರಟರೆ ಹೆಲ್ಮೆಟ್ಟು, ಹಿಂದೆ ಕೆಂಪು ದೀಪ ಮರೆಯಬೇಡಿ.

ತಯಾರಿ ಸಾಲುತ್ತಿದೆಯೇ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಉದ್ದ ಸವಾರಿಯಲ್ಲಿ ಒಂದೇ ಶಕ್ತಿಯಲ್ಲಿ ತುಳಿಯಿರಿ. ಮೊದಲರ್ಧದ ಸರಾಸರಿ ಬಡಿತಕ್ಕೂ ಎರಡನೇ ಅರ್ಧದ್ದಕ್ಕೂ ಹೋಲಿಸಿ. ಏರಿಕೆ ಶೇ. 5ರೊಳಗೆ ಇದ್ದರೆ ಆ ದೂರಕ್ಕೆ ದೇಹ ಒಗ್ಗಿದೆ. ಅದಕ್ಕಿಂತ ಹೆಚ್ಚಿದ್ದರೆ ತಳಪಾಯ ಇನ್ನೂ ಹಸಿ ಇದೆ, ಅಥವಾ ಅಂದಿನ ಸೆಕೆಗೆ ನೀರು ಸಾಲಲಿಲ್ಲ.

*ಸ್ಪರ್ಧೆಯ ದಿನ*

ಈಜಿನಿಂದ ಎದ್ದಾಗ ಬಡಿತ ಮೇಲಿರುತ್ತದೆ. ಮೊದಲ ಅರ್ಧ ಗಂಟೆ ಅದನ್ನು ಇಳಿಯಲು ಬಿಡಿ. ಯಾರು ಹಿಂದೆ ಹಾಕಿ ಹೋದರೂ ಹೋಗಲಿ. ಪೂರ್ಣ ದೂರಕ್ಕೆ ಎಫ್‌ಟಿಪಿಯ ಶೇ. 65ರಿಂದ 75, ಅರ್ಧ ದೂರಕ್ಕೆ ಶೇ. 75ರಿಂದ 85. ಮೊದಲ ಸಲದವರು ಎರಡರಲ್ಲೂ ಕೆಳಗಿನ ಅಂಕಿಯನ್ನೇ ಹಿಡಿಯಿರಿ. ಏರಿನಲ್ಲೂ ಎಫ್‌ಟಿಪಿ ದಾಟಬೇಡಿ, ಗೇರ್ ಇಳಿಸಿ ಕೂತೇ ತುಳಿಯಿರಿ. ಪವರ್ ಮೀಟರ್ ಇಲ್ಲದವರಿಗೆ ಮಾತೇ ಮೀಟರ್. ಒಂದು ವಾಕ್ಯವನ್ನು ಉಸಿರುಗಟ್ಟದೆ ಹೇಳಲಾಗದಿದ್ದರೆ ವೇಗ ಹೆಚ್ಚಾಯಿತು ಅಂತ ಅರ್ಥ.

ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಲೆಕ್ಕ ನೀವೇ ಹಾಕಿ. ತರಬೇತಿಯಲ್ಲಿ ತಿಂದು ಅಭ್ಯಾಸವಿಲ್ಲದ್ದನ್ನು ಆ ದಿನ ಮುಟ್ಟಬೇಡಿ. ನೀರಿನ ಜೊತೆ ಉಪ್ಪಿನಂಶ ಇರಲಿ. ಹೆದರಿಕೆಯಿಂದ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೇ ಅಪಾಯ. "ಮುನ್ನೆಚ್ಚರಿಕೆಗೆ" ಅಂತ ನೋವಿನ ಮಾತ್ರೆ ನುಂಗಬೇಡಿ. ಮೈಯಲ್ಲಿ ನೀರು ಕಡಿಮೆಯಾದಾಗ ಅವು ಕಿಡ್ನಿಗೆ ಪೆಟ್ಟು ಕೊಡುತ್ತವೆ.

ಓಟದ ಮೊದಲ ಐದು ಕಿಲೋಮೀಟರ್ ನಿಮ್ಮ ಗುರಿಗಿಂತ 15ರಿಂದ 30 ಸೆಕೆಂಡ್ ನಿಧಾನವಾಗಿರಲಿ. ನೀರಿನ ಮೇಜು ಬಂದಾಗಲೆಲ್ಲ ಅರ್ಧ ನಿಮಿಷ ನಡೆಯಿರಿ, ಕುಡಿಯಿರಿ, ತಲೆ ಮೇಲೆ ನೀರು ಸುರಿದುಕೊಳ್ಳಿ. ಸೈಕಲ್ ಸರಿಯಾಗಿ ತುಳಿದಿದ್ದರೆ 30ನೇ ಕಿಲೋಮೀಟರಿನಲ್ಲಿ ನಿಮ್ಮನ್ನು ಹಿಂದೆ ಹಾಕಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ದಾಟುತ್ತೀರಿ. ಆ ಸುಖ ಬೇರೆ.

*ಹೃದಯದ ಡಾಕ್ಟರ್ ಆಗಿ ನಾಲ್ಕು ಮಾತು*

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ನಮ್ಮನ್ನು ಬಿಟ್ಟುಹೋದರು. ಅಂದಿನಿಂದ ಕನ್ನಡದ ಮನೆಗಳಲ್ಲಿ ವ್ಯಾಯಾಮ ಅಂದರೇ ಒಂದು ಅಳುಕು. ಮನೆಯವರ ಆ ಅಳುಕನ್ನು ನಾನು ಹಗುರವಾಗಿ ನೋಡುವುದಿಲ್ಲ. ಮೊದಲ ಹೃದಯಾಘಾತದ ವಯಸ್ಸು ಬೇರೆ ದೇಶಗಳಲ್ಲಿ ಸುಮಾರು 59 ಇದ್ದರೆ ದಕ್ಷಿಣ ಏಷ್ಯಾದವರಲ್ಲಿ ಸುಮಾರು 53 ಅಂತ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಾಥ್ಲಾನ್‌ಗಳನ್ನು ನೋಡಿದ ಒಂದು ಅಧ್ಯಯನದಲ್ಲಿ, ಸಾವು ಮತ್ತು ಹೃದಯ ಸ್ತಂಭನ ಸೇರಿ 135 ಪ್ರಕರಣ ಸಿಕ್ಕವು. ಅದರಲ್ಲಿ 90 ಈಜಿನಲ್ಲೇ ಆದವು. ಶೇ. 85 ಗಂಡಸರು. ಲಕ್ಷ ಸ್ಪರ್ಧಿಗಳಿಗೆ ಎರಡಕ್ಕಿಂತ ಕಡಿಮೆ ಅನ್ನುವಷ್ಟು ಅಪರೂಪ ನಿಜ. ಆದರೆ ನಿಮ್ಮ ಮನೆಗೆ ನೀವು ಒಬ್ಬರೇ.

ಆದ್ದರಿಂದ ಹೆಸರು ನೋಂದಾಯಿಸುವ ಮೊದಲು ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಇಸಿಜಿ ಆಗಲಿ. ನಲವತ್ತು ದಾಟಿದವರು, ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಕಂಡವರು, ಸಿಗರೇಟು ಸೇದಿದವರು, ಟಿಎಂಟಿ ಅಥವಾ ಎಕೋ ಬೇಕೇ ಅಂತ ವೈದ್ಯರನ್ನು ಕೇಳಿ. ಟಿಎಂಟಿ ನಾರ್ಮಲ್ ಬಂತು ಅಂದರೆ ಜೀವಮಾನದ ಗ್ಯಾರಂಟಿ ಕಾರ್ಡ್ ಸಿಕ್ಕಿತು ಅಂತಲ್ಲ. ತರಬೇತಿಯಲ್ಲೋ ಸ್ಪರ್ಧೆಯಲ್ಲೋ ಎದೆ ಬಿಗಿತ, ಎಂದೂ ಇಲ್ಲದ ಉಸಿರಾಟದ ತೊಂದರೆ, ಕಣ್ಣು ಕತ್ತಲೆ, ತಾಳ ತಪ್ಪಿದ ಬಡಿತ ಕಂಡರೆ ಆ ಕ್ಷಣವೇ ನಿಲ್ಲಿಸಿ, ಸಹಾಯ ಕೇಳಿ.

ಕೈಗಡಿಯಾರ ತೋರಿಸುವ ಬಡಿತದ ವಲಯಗಳನ್ನು ಕಣ್ಣುಮುಚ್ಚಿ ನಂಬಬೇಡಿ. 220ರಿಂದ ವಯಸ್ಸು ಕಳೆಯುವ ಸೂತ್ರ ಹತ್ತು ಹನ್ನೆರಡು ಬಡಿತ ಅತ್ತಿತ್ತ ಆಗುವುದು ಮಾಮೂಲು. ಬಿಪಿಗೆ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಆ ವಲಯಗಳು ಲೆಕ್ಕಕ್ಕೇ ಬರುವುದಿಲ್ಲ. ಸ್ಪರ್ಧೆಗಾಗಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸುವ ಸಾಹಸವಂತೂ ಬೇಡ.

ಇನ್ನು ಮನೆಯವರ ಪ್ರಶ್ನೆ, ಈ ವಯಸ್ಸಿಗೆ ಇದು ಬೇಕಾ? ಒಂದೂವರೆ ವರ್ಷ ಹದವಾಗಿ ತಯಾರಿ ಮಾಡಿ, ಮೊದಲು ಅರ್ಧ ದೂರ ಮುಗಿಸಿ, ಆಮೇಲೆ ಪೂರ್ಣ ದೂರಕ್ಕೆ ಹೋಗುವುದಾದರೆ ನನ್ನ ಪೂರ್ತಿ ಒಪ್ಪಿಗೆ ಇದೆ. ಸೋಫಾದ ಮೇಲೆ ಕೂತಿದ್ದವರು ಆಫೀಸಿನ ಗುಂಪಿನಲ್ಲಿ ಪಂಥ ಕಟ್ಟಿ ನಾಲ್ಕೇ ತಿಂಗಳಲ್ಲಿ ಪೂರ್ಣ ದೂರಕ್ಕೆ ಇಳಿಯುವುದಕ್ಕೆ ನನ್ನ ವಿರೋಧ ಇದೆ. ಕೂತಲ್ಲೇ ಕೂತ ಹೃದಯಕ್ಕೆ ಅಪಾಯ ಇನ್ನೂ ಹೆಚ್ಚು ಅನ್ನುವುದನ್ನೂ ಮರೆಯಬೇಡಿ. ಬೇಡ ಅನ್ನುವ ಬದಲು "ನಿಧಾನಕ್ಕೆ" ಅನ್ನಿ.

ಕೊನೆಗೆ ಒಂದು ಮಾತು. 1982ರಲ್ಲಿ ಅಮೆರಿಕದ ಜೂಲಿ ಮಾಸ್ ಗುರಿಯ ಹತ್ತಿರ ಕುಸಿದು, ಮೊದಲ ಸ್ಥಾನ ಕಳೆದುಕೊಂಡು, ತೆವಳಿಕೊಂಡು ಗೆರೆ ದಾಟಿದರು. ಆ ದೃಶ್ಯ ಟಿವಿಯಲ್ಲಿ ಬಂದು ಜಗತ್ತಿಗೆ ಐರನ್‌ಮ್ಯಾನ್ ಹೆಸರು ಗೊತ್ತಾಯಿತು. ಅವರ ಛಲಕ್ಕೆ ಕೈಮುಗಿಯುತ್ತೇನೆ. ಆದರೆ ತೆವಳುವುದೇ ಸಾಧನೆ ಅಂತ ನಮ್ಮ ಗುಂಪುಗಳಲ್ಲಿ ಹಂಚುವ ವಿಡಿಯೋಗಳಿಗೆ ಲೈಕ್ ಒತ್ತಲು ನನಗೆ ಮನಸ್ಸಾಗುವುದಿಲ್ಲ. ನೆಟ್ಟಗೆ ನಿಂತು, ನಗುನಗುತ್ತಾ ಓಡಿ ಮುಗಿಸಿ, ರಾತ್ರಿ ಮನೆಯವರ ಜೊತೆ ಕೂತು ಮೊಸರನ್ನ ಉಂಡರೆ ಅದು ಸಾಧನೆ. ಅದಕ್ಕೆ ದಾರಿ ಸೈಕಲ್ ಮೇಲಿನ ತಾಳ್ಮೆ.

ನಿಮ್ಮ ಬಳಗದಲ್ಲಿ ಯಾರಾದರೂ ಸೈಕಲ್ ಕೊಂಡಿದ್ದರೆ, ಈಜು ಕಲಿಯುತ್ತಿದ್ದರೆ, ಅವರಿಗೂ ಅವರ ಮನೆಯವರಿಗೂ ಇದನ್ನು ಕಳಿಸಿ. ಇದು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಮಾಹಿತಿ. ನಿಮ್ಮ ದೇಹದ ವಿಷಯದಲ್ಲಿ ನಿಮ್ಮ ವೈದ್ಯರ ಮಾತೇ ಅಂತಿಮ.

ಆರೋಗ್ಯವಾಗಿರಿ.